ಯುದ್ಧವಾರ್ತೆಯೂ ಆಪ್ತವಾಕ್ಯವೂ



ಕಣ್ಣಿಗೆ ಕಾಣದ ವಿಷಯವನ್ನು ಪರರ ಮಾತಿನಿಂದ ತಿಳಿಯುವುದಕ್ಕೆ ಶಾಸ್ತ್ರಜ್ಞರು ಶಬ್ದಪ್ರಮಾಣವೆಂದು ಹೆಸರಿಟ್ಟಿರುವರು. ಆದರೆ ಎಲ್ಲರ ಮಾತೂ ಪ್ರಮಾಣವಾಗದು. ವಿಷಯವನ್ನು ಯಥಾರ್ಥವಾಗಿ ಅರಿತು, ವಂಚಿಸುವ ಇಚ್ಛೆಯಿಲ್ಲದೆ ನುಡಿಯುವ ಆಪ್ತನ ವಾಕ್ಯವೇ ಪ್ರಮಾಣವು. ಹಿಂದೆ ದೂರದೇಶದ ಯುದ್ಧವನ್ನು ಪ್ರಜೆಗಳು ಬಹುಮಟ್ಟಿಗೆ ಅರಿಯುತ್ತಿದ್ದುದು ಸ್ವದೇಶದ ವರ್ತಮಾನಪತ್ರಗಳಿಂದಲೇ. ಅವು ಆಪ್ತಲಕ್ಷಣವನ್ನು ತೊರೆದರೆ ಆಗುವ ಅನರ್ಥಕ್ಕೆ ಇಂಗ್ಲೆಂಡಿನ ಚರಿತ್ರೆಯಲ್ಲಿ ಒಂದು ನಿದರ್ಶನವುಂಟು.

1914ರ ಆಗಸ್ಟಿನಲ್ಲಿ ಜರ್ಮನಿಯ ಸೈನ್ಯವು ಬೆಲ್ಜಿಯಂ ದೇಶವನ್ನು ಹೊಕ್ಕು, ಡಿನಾಂ ಪಟ್ಟಣದಲ್ಲಿ 600ಕ್ಕೂ ಹೆಚ್ಚು ನಾಗರಿಕರನ್ನು ಕೊಂದಿತು. ಲುವೆನ್ ವಿಶ್ವವಿದ್ಯಾಲಯದ ಪುಸ್ತಕಭಂಡಾರವನ್ನು ಸುಟ್ಟಿತು. ಇವು ನಡೆದ ಸಂಗತಿಗಳು. ಇವನ್ನು ಇದ್ದಂತೆ ಹೇಳಿದ್ದರೇ ಸಾಕಾಗಿದ್ದಿತು. ಆದರೆ ಯುದ್ಧವು ವರ್ಷಗಟ್ಟಲೆ ಬೆಳೆಯಿತು. 1916ರಲ್ಲಿ ಬ್ರಿಟನ್ನಿನಲ್ಲಿ ಕಡ್ಡಾಯದ ಸೈನ್ಯಸೇವೆಯು ಬಂದಿತು. ಶೋಕದಿಂದ ಬಳಲಿದ ಪ್ರಜೆಗಳಲ್ಲಿ ಶತ್ರುದ್ವೇಷವು ಆರದಂತೆ ಮಾಡಲು ಇನ್ನೂ ಘೋರವಾದ ವಾರ್ತೆಗಳು ಬೇಕಾದವು.

1917ರ ಏಪ್ರಿಲ್ 10ರಂದು ಬರ್ಲಿನ್ನಿನ ಪತ್ರಿಕೆಯೊಂದು, ರಣರಂಗದ ಹಿಂಗಡೆ ಕಳೇಬರಗಳಿಂದ ಕೊಬ್ಬನ್ನು ತೆಗೆಯುವ ಕಾರ್ಖಾನೆಯಿರುವುದೆಂದು ಬರೆಯಿತು. ಅಲ್ಲಿ ಪ್ರಯೋಗಿಸಿದ ‘ಕಡಾವರ್’ ಎಂಬ ಶಬ್ದವು ಜರ್ಮನ್ ಭಾಷೆಯ ವಾಡಿಕೆಯಲ್ಲಿ ಸತ್ತ ಪಶುವಿನ ದೇಹಕ್ಕೆ ಸಲ್ಲತಕ್ಕದ್ದು. ಆದರೆ ಅದೇ ತಿಂಗಳ 17ರಂದು ಲಾರ್ಡ್ ನಾರ್ತ್‌ಕ್ಲಿಫರ ಒಡೆತನದ ‘ಟೈಮ್ಸ್’, ‘ಡೈಲಿ ಮೇಲ್’ ಪತ್ರಿಕೆಗಳು, ಜರ್ಮನಿಯವರು ತಮ್ಮ ಮೃತಯೋಧರ ದೇಹಗಳನ್ನೇ ಬೇಯಿಸಿ ಕೊಬ್ಬು ತೆಗೆಯುತ್ತಿರುವರೆಂದು ಪ್ರಕಟಿಸಿದವು. ಪಾರ್ಲಿಮೆಂಟಿನಲ್ಲಿ ಪ್ರಶ್ನೆಯು ಬಂದಾಗ ಮಂತ್ರಿಗಳಾದ ಲಾರ್ಡ್ ರಾಬರ್ಟ್ ಸೆಸಿಲರು, ಪತ್ರಿಕೆಗಳಲ್ಲಿ ಬಂದುದಲ್ಲದೆ ಬೇರೆ ಆಧಾರವು ಸರಕಾರದಲ್ಲಿಲ್ಲವೆಂದು ಒಪ್ಪಿದರು. ಒಪ್ಪಿಯೂ, ಜರ್ಮನಿಯವರ ಇತರ ಕೃತ್ಯಗಳನ್ನು ನೋಡಿದರೆ ಇದು ನಂಬಲಾಗದುದಲ್ಲವೆಂದರು. ಹೀಗೆ ಸಂಭವವೆಂಬುದು ಪ್ರಮಾಣದ ಪೀಠವನ್ನೇರಿತು.

1925ರ ಡಿಸೆಂಬರಿನಲ್ಲಿ ವಿದೇಶಾಂಗಮಂತ್ರಿಗಳಾದ ಆಸ್ಟೆನ್ ಚೇಂಬರ್ಲೇನರು, ಆ ವಾರ್ತೆಗೆ ಎಂದೂ ಆಧಾರವಿರಲಿಲ್ಲವೆಂಬ ಜರ್ಮನಿಯ ಹೇಳಿಕೆಯನ್ನು ಪಾರ್ಲಿಮೆಂಟಿನಲ್ಲಿ ಅಂಗೀಕರಿಸಿದರು. 1928ರಲ್ಲಿ ಆರ್ಥರ್ ಪಾನ್ಸನ್‌ಬಿಯವರು ಯುದ್ಧಕಾಲದ ಇಂಥ ಸುಳ್ಳುಗಳನ್ನು ಕೂಡಿಸಿ ಗ್ರಂಥವನ್ನೇ ರಚಿಸಿದರು. ‘ಯುದ್ಧದ ವಾರ್ತೆಯೆಲ್ಲ ಕಟ್ಟುಕತೆ’ ಎಂಬ ಸಂಶಯವು ಜನರಲ್ಲಿ ಬೇರೂರಿತು.

ಈ ಸಂಶಯದ ಫಲವು ಎರಡನೆಯ ಮಹಾಯುದ್ಧದಲ್ಲಿ ಕಂಡಿತು. ಹಿಟ್ಲರನ ಆಡಳಿತವು ಯೆಹೂದ್ಯರನ್ನು ನಿರ್ಮೂಲಗೊಳಿಸುತ್ತಿದೆಯೆಂದು 1942ರ ಡಿಸೆಂಬರ್ 17ರಂದು ಆಂಟನಿ ಈಡನರು ಪಾರ್ಲಿಮೆಂಟಿನಲ್ಲಿ ಸಾರಿದರು. ಆದರೂ 1943ರ ಆಗಸ್ಟಿನಲ್ಲಿ, ಬ್ರಿಟಿಷ್ ಗುಪ್ತವಾರ್ತಾ ಸಮಿತಿಯ ಅಧ್ಯಕ್ಷರಾದ ಕ್ಯಾವೆಂಡಿಷ್ ಬೆಂಟಿಂಕರು ವಿಷವಾಯುಗೃಹಗಳ ವರದಿಯನ್ನು ನಂಬದೆ, ಅದು ಹಿಂದಿನ ಯುದ್ಧದ ಹೆಣದ ಕೊಬ್ಬಿನ ಕತೆಯನ್ನು ನೆನಪಿಗೆ ತರುತ್ತದೆಯೆಂದು ಬರೆದರು. ಈ ಬಾರಿಯ ವರದಿಯು ಸತ್ಯವಾಗಿದ್ದಿತು. ಸುಮಾರು 60 ಲಕ್ಷ ಯೆಹೂದ್ಯರು ಹತರಾದರು.

ಶತ್ರುವಿನ ಮೇಲೆ ಸುಳ್ಳು ಹೊರಿಸಿದವರು ಶತ್ರುವಿಗೆ ಮಾತ್ರ ಕೇಡೆಣಿಸಿದೆವೆಂದು ತಿಳಿದಿದ್ದರು. ಆದರೆ ಅದರ ದಂಡವನ್ನು, ಆ ಜಗಳದಲ್ಲಿ ಸೇರದ ನಿರಪರಾಧಿಗಳ ಮೊರೆಯು ತೆರಬೇಕಾಯಿತು. ಆದುದರಿಂದ ಯುದ್ಧವಾರ್ತೆಯನ್ನೋದುವ ಸುಜ್ಞರು ಇದನ್ನು ಕಂಡವರಾರು, ಪರಭಾಷೆಯಿಂದ ತಂದವರಾರು, ಇದರಿಂದ ಯಾರ ಕಾರ್ಯವು ಸಾಧಿಸುವುದು ಎಂಬ ಮೂರನ್ನು ವಿಚಾರಿಸತಕ್ಕದ್ದು. ಎಲ್ಲವನ್ನೂ ನಂಬುವುದು ಹೇಗೆ ವಿವೇಕವಲ್ಲವೋ, ಒಮ್ಮೆ ಮೋಸಹೋದೆವೆಂದು ಎಲ್ಲವನ್ನೂ ಅಲ್ಲಗಳೆಯುವುದೂ ಹಾಗೆಯೇ ವಿವೇಕವಲ್ಲ.