ಒಂಬತ್ತು ಒಂದುಗಳ ವರ್ಗ



ಹಳೆಯ ವಿದ್ಯಾರ್ಥಿಯಾಗಿ ಎರಡು ಮಾತಾಡಿ ಎಂದು ಕರೆದಿದ್ದೀರಿ. ನಾನು ಗಣಿತ ಓದಿದವನು. ಹಾಗಾಗಿ ಒಂದೇ ಒಂದು ಸಂಖ್ಯೆಯ ವಿಚಾರ ಹೇಳಿ ಕೂರುತ್ತೇನೆ. ಆ ಸಂಖ್ಯೆ 12345678987654321. ಹದಿನೇಳು ಅಂಕಿ. ‘ವಿಕಟಕವಿ’ಯ ಹಾಗೆ ಯಾವ ಕಡೆಯಿಂದ ಓದಿದರೂ ಅದೇ.

ಇದು ಬಂದದ್ದೆಲ್ಲಿಂದ? 11ರ ವರ್ಗ 121. 111ರ ವರ್ಗ 12321. ಹೀಗೇ ಒಂಬತ್ತು ಒಂದುಗಳನ್ನು ಸಾಲಾಗಿ ಬರೆದು ಅದರಿಂದಲೇ ಗುಣಿಸಿದರೆ ಈ ಸಂಖ್ಯೆ ಸಿಗುತ್ತದೆ. ಇಂಥವಕ್ಕೆ ಡೆಮ್ಲೊ ಸಂಖ್ಯೆಗಳೆಂದು ಹೆಸರಿಟ್ಟವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 6174ರ ಚಮತ್ಕಾರ ಕೇಳಿದವರಿಗೆ ಈ ಹೆಸರು ಗೊತ್ತಿರುತ್ತದೆ. ಡೆಮ್ಲೊ ಎಂಬುದು ಆಗ ಮುಂಬೈ ಹತ್ತಿರದ ಒಂದು ರೈಲು ನಿಲ್ದಾಣದ ಹೆಸರಾಗಿತ್ತು. ಇವುಗಳ ವಿಚಾರ ಅಲ್ಲಿ ಹೊಳೆಯಿತಂತೆ. ಕಾಪ್ರೇಕರರು ದೊಡ್ಡ ಪ್ರೊಫೆಸರರಲ್ಲ. ನಾಸಿಕದ ಬಳಿ ದೇವಳಾಲಿಯಲ್ಲಿ 1962ರವರೆಗೂ ಶಾಲೆಯ ಮೇಷ್ಟ್ರಾಗಿದ್ದವರು.

ಈಗ ಒಂಬತ್ತು ಒಂದುಗಳನ್ನು ಬಿಡಿಸೋಣ. ಅಂಕಿಗಳ ಮೊತ್ತ 9, ಆದ್ದರಿಂದ 9ರಿಂದ ಭಾಗವಾಗುತ್ತದೆ. ಭಾಗಲಬ್ಧ 12345679. ನೋಡಿದಿರಾ, 8 ಇಲ್ಲ! ಅದನ್ನು ಮತ್ತೆ ಒಡೆದರೆ 37 × 333667, ಎರಡೂ ಅವಿಭಾಜ್ಯ. ಹಾಗಾಗಿ ನಮ್ಮ ದೊಡ್ಡ ಸಂಖ್ಯೆಯಲ್ಲಿ 3 ನಾಲ್ಕು ಸಲ, 37 ಎರಡು ಸಲ, 333667 ಎರಡು ಸಲ. ಅದರ ಭಾಜಕಗಳು 5 × 3 × 3, ಅಂದರೆ 45. ಭಾಜಕಗಳ ಎಣಿಕೆ ಬೆಸ ಬರುವುದು ಪೂರ್ಣ ವರ್ಗಗಳಿಗೆ ಮಾತ್ರ. ಯಾಕೆಂದು ಹತ್ತನೇ ತರಗತಿಯವರು ಯೋಚಿಸಿ.

ಹತ್ತು ಒಂದುಗಳಾದರೆ? ನಾನು ಕೇಳಿದಲ್ಲೆಲ್ಲ ಮಕ್ಕಳು 12345678910987654321 ಎನ್ನುತ್ತಾರೆ. ಕೇಳಲು ಚೆಂದ, ಆದರೆ ತಪ್ಪು. ಚೌಕುಳಿ ಹಾಳೆಯಲ್ಲಿ ಗುಣಾಕಾರ ಹಾಕಿ. ನಡುವಿನ ಕಂಬಸಾಲಿನಲ್ಲಿ ಹತ್ತು ಒಂದುಗಳು ಸೇರುತ್ತವೆ. ಸೊನ್ನೆ ಬರೆದು ದಶಕ ಒಂದು. ಪಕ್ಕದ 9ಕ್ಕೆ ಅದು ಸೇರಿ ಮತ್ತೆ ಹತ್ತು, ಮತ್ತೆ ಸೊನ್ನೆ, ಮತ್ತೆ ದಶಕ. ಅದರಾಚೆಯ 8 ಈಗ 9 ಆಗುತ್ತದೆ. ಉತ್ತರ 1234567900987654321. ಎಡಭಾಗದಲ್ಲಿ 8 ಮತ್ತೆ ಮಾಯ! ಒಂಬತ್ತರವರೆಗೆ ದಶಕವೇ ಬಾರದ್ದರಿಂದ ಆ ಅಂದ ಉಳಿದಿತ್ತು, ಅಷ್ಟೇ.

ಕಂಪ್ಯೂಟರ್ ಇದೆಯಲ್ಲ ಎನ್ನುವಿರಿ. ಶಾಲೆಯ ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆದು ಒಂಬತ್ತು ಒಂದುಗಳ ವರ್ಗ ಕೇಳಿ, ಅಂಕಿಗಳನ್ನು ಪೂರ್ತಿ ತೋರಿಸಲು ಹೇಳಿ. 12345678987654300 ಎನ್ನುತ್ತದೆ. ಅದು ಹದಿನೈದು ಅಂಕಿ ಮಾತ್ರ ಇಟ್ಟುಕೊಂಡು ಉಳಿದಲ್ಲಿ ಸೊನ್ನೆ ತುಂಬುತ್ತದೆ. ಬೆಸ ಸಂಖ್ಯೆಯ ವರ್ಗ ಸಮವಾಗಲು ಸಾಧ್ಯವೇ? ಅಂಕಿಗಳನ್ನು ಕೂಡಿ ನೋಡಿ: 78. ಒಂಬತ್ತರಿಂದ ಭಾಗವಾಗದು. ಐದನೇ ತರಗತಿಯ ಮಗುವೂ ಆ ಯಂತ್ರದ ಉತ್ತರ ಸರಿಯಿಲ್ಲವೆಂದು ಬೆರಳು ಮಡಿಚಿ ತೋರಿಸಬಹುದು.

ಹನ್ನೊಂದು ಒಂದುಗಳ ವರ್ಗ ನಿಮಗೆ ಬಿಟ್ಟಿದ್ದೇನೆ. ಊಟದ ಹೊತ್ತಿಗೆ ಪೆನ್ಸಿಲಿನಲ್ಲಿ ಬಿಡಿಸಿ ತಂದವರ ಹತ್ತಿರ ಕೂತು ಮಾತಾಡುತ್ತೇನೆ.