ಅಡುಗೆ ಮನೆಯಿಂದ ಆರಂಭವಾಗುವ ಉದ್ಯೋಗ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ನಮ್ಮ ಹೆಣ್ಣುಮಕ್ಕಳು ಪಿಯುಸಿ, ಪದವಿ ಮುಗಿಸುತ್ತಿದ್ದಾರೆ. ಮುಂದೇನು ಎಂಬ ಪ್ರಶ್ನೆಗೆ ಎಷ್ಟೋ ಮನೆಗಳಲ್ಲಿ ಉತ್ತರವಿಲ್ಲ. ನೌಕರಿಗಾಗಿ ಊರು ಬಿಡುವುದು ಎಲ್ಲರಿಗೂ ಸಾಧ್ಯವಿಲ್ಲ. ಆದ್ದರಿಂದ ಮನೆಯಲ್ಲೇ ಕಲಿತು ಬೆಳೆಸಬಹುದಾದ ಒಂದು ಉದ್ಯೋಗದ ಬಗ್ಗೆ ತಮ್ಮ ಮುಂದೆ ನಾಲ್ಕು ಮಾತು ಹೇಳುತ್ತೇನೆ.

ಬೆಂಗಳೂರಿನ ಸಹರ್ ಮನ್ಸೂರ್ ಕೇಂಬ್ರಿಜ್‌ನಲ್ಲಿ ಓದಿದವರು. ಕಸ ಹೆಚ್ಚಿಸದೆ ಬದುಕಬೇಕೆಂದು ನಿಶ್ಚಯಿಸಿದಾಗ ಪ್ಲಾಸ್ಟಿಕ್ ಇಲ್ಲದ ಸ್ನಾನದ, ಸೌಂದರ್ಯದ ವಸ್ತುಗಳು ಅವರಿಗೆ ಅಂಗಡಿಯಲ್ಲಿ ಸಿಗಲಿಲ್ಲ. ಅಡುಗೆ ಮನೆಯಲ್ಲೇ ತಯಾರಿಸಿಕೊಂಡರು. 2016ರಲ್ಲಿ ಅದೇ ‘ಬೇರ್ ನೆಸೆಸಿಟೀಸ್’ ಎಂಬ ಸಂಸ್ಥೆಯಾಯಿತು.

ಅವರಿಗೆ ಬೆಂಗಳೂರಿತ್ತು, ಕೇಂಬ್ರಿಜ್ ಇತ್ತು, ನಮಗೇನಿದೆ ಎಂದು ನೀವು ಕೇಳಬಹುದು. ಆದರೆ ಈ ಉದ್ಯೋಗದ ಗುಟ್ಟು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಶಾಂಪೂ, ಲೋಷನ್‌ಗಳಲ್ಲಿ ಬಹುಪಾಲು ನೀರು. ನೀರಿಗೆ ಬಾಟಲಿ ಬೇಕು, ಕೆಡದಂತೆ ರಾಸಾಯನಿಕ ಬೇಕು, ಸಾಗಿಸಲು ಹೆಚ್ಚು ಖರ್ಚು ಬೇಕು. ನೀರನ್ನು ಬಿಟ್ಟರೆ ಪ್ಲಾಸ್ಟಿಕ್ಕಿನ ಅಗತ್ಯವೂ ತಪ್ಪುತ್ತದೆ. ಸೀಗೆಪುಡಿ, ಅಂಟವಾಳದ ಪುಡಿ, ಮೆಹಂದಿ ಪುಡಿ, ಗಟ್ಟಿ ಸಾಬೂನು ಇವಕ್ಕೆಲ್ಲ ಕಾಗದದ ಪೊಟ್ಟಣ ಅಥವಾ ಬಟ್ಟೆಯ ಚೀಲ ಸಾಕು. ರಾಮದುರ್ಗ ನೇಕಾರರ ಊರು, ಬೈಲಹೊಂಗಲ ಹತ್ತಿಯ ಸೀಮೆ. ಚೀಲಕ್ಕಾಗಿ ದೂರ ಹೋಗಬೇಕಿಲ್ಲ.

ಆದರೆ ಎಚ್ಚರಿಕೆಯೂ ಬೇಕು. ಮಳೆಗಾಲದಲ್ಲಿ ಕಾಗದ ತೇವ ಹೀರುತ್ತದೆ, ಪುಡಿಗೆ ಬೂಷ್ಟು ಹಿಡಿಯುತ್ತದೆ. ಚೆನ್ನಾಗಿ ಒಣಗಿಸಿ, ಸ್ವಲ್ಪ ಸ್ವಲ್ಪವೇ ತಯಾರಿಸಿರಿ. ಸಾಬೂನಿಗೆ ಬಳಸುವ ಕಾಸ್ಟಿಕ್ ಸೋಡಾ ಚರ್ಮ, ಕಣ್ಣುಗಳನ್ನು ಸುಡುತ್ತದೆ. ಅದನ್ನು ನೀರಿಗೆ ಹಾಕಬೇಕೇ ಹೊರತು ಅದರ ಮೇಲೆ ನೀರು ಸುರಿಯಬಾರದು. ಮಕ್ಕಳು ಓಡಾಡುವ ಜಾಗದಲ್ಲಿ ಈ ಕೆಲಸ ಬೇಡ. ಕಾಯಿಸದೆ ಮಾಡಿದ ಸಾಬೂನು 4ರಿಂದ 6 ವಾರ ಮಾಗಬೇಕು.

ಮನೆ ಬಳಕೆಗೆ ಮಾಡುವುದು ಬೇರೆ, ಮಾರುವುದು ಬೇರೆ. ಮಾರಾಟಕ್ಕೆ ತಯಾರಿಸಲು 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಪರವಾನಗಿ ಬೇಕು. ಅದಕ್ಕೆ ಪ್ರತ್ಯೇಕ ಶುಚಿಯಾದ ಜಾಗ ಬೇಕು, ವಿಷಯ ಓದಿ ಬಲ್ಲವರ ಮೇಲ್ವಿಚಾರಣೆಯೂ ಬೇಕು. ವಿದ್ಯಾರ್ಥಿನಿಯರೇ, ನೀವು ಓದುವ ರಸಾಯನಶಾಸ್ತ್ರ ಇಲ್ಲಿ ಅನ್ನ ಕೊಡುವ ವಿದ್ಯೆಯಾಗುತ್ತದೆ.

ಒಬ್ಬರಿಗೆ ಇದು ಭಾರವೆನಿಸಿದರೆ ಐದಾರು ಜನ ಕೂಡಿರಿ. 1959ರಲ್ಲಿ ಮುಂಬೈಯ ಏಳು ಮಹಿಳೆಯರು 80 ರೂಪಾಯಿ ಸಾಲದಿಂದ ಲಿಜ್ಜತ್ ಪಾಪಡ್ ಆರಂಭಿಸಿದರು. ಒಬ್ಬಳು ಒಣಗಿಸಲಿ, ಒಬ್ಬಳು ಚೀಲ ಹೊಲಿಯಲಿ, ಒಬ್ಬಳು ಲೆಕ್ಕ ಬರೆಯಲಿ. ಈದ್ ಸಂತೆ, ಅಕ್ಟೋಬರಿನ ಕಿತ್ತೂರು ಉತ್ಸವ ಮೊದಲ ಮಾರುಕಟ್ಟೆಯಾಗಲಿ.

ಕಡೆಯದಾಗಿ, ಪ್ರಾಮಾಣಿಕತೆ. ಕೂಡಲೇ ಕಪ್ಪು ಬಣ್ಣ ಬರಲೆಂದು ಮೆಹಂದಿಗೆ ಪಿಪಿಡಿ ಎಂಬ ರಾಸಾಯನಿಕ ಬೆರೆಸುವವರಿದ್ದಾರೆ. ಅದರಿಂದ ಕೈಗಳಲ್ಲಿ ಬೊಕ್ಕೆ ಏಳಬಹುದು. ಅಳತೆ ತೂಕದ ಮೋಸವನ್ನು ಕುರ್‌ಆನ್ ಕಟುವಾಗಿ ಖಂಡಿಸಿದೆ, ದುಂದುಗಾರಿಕೆಯನ್ನೂ ಒಪ್ಪುವುದಿಲ್ಲ. ಹಜ್ರತ್ ಖದೀಜಾ ವ್ಯಾಪಾರ ನಡೆಸಿದ ಮಹಿಳೆ ಎಂಬುದನ್ನು ನೆನೆಯೋಣ.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಬಹುಮಾನ, ಶಾಲುಗಳ ಜೊತೆಗೆ ಈ ಮಕ್ಕಳಿಗೆ ಒಂದು ಕೋಣೆ ಮತ್ತು ಮೊದಲ ಪರವಾನಗಿಯ ಶುಲ್ಕ ಕೊಡಿಸಿರಿ. ಮುಂದಿನದನ್ನು ಅವರೇ ಮಾಡಿ ತೋರಿಸುತ್ತಾರೆ, ಇನ್‌ಶಾ ಅಲ್ಲಾಹ್.