ಕಥೆ ಬರೆಯುವವನೂ ಕೇಳುವವನೂ

(ಹುಕ್ಕೇರಿಯಲ್ಲಿ ಕೂಡಿದ ವಾಚಕರ ಸಭೆಯಲ್ಲಿ ಮಾಡಿದ ಭಾಷಣ)



ಕಥೆ ಬರೆಯಬೇಕೆನ್ನುವ ಗಿರಣಿಯ ತರುಣರು ನಮ್ಮನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದೇ: 'ಮಾಸ್ತರ್ರ, ನಮ್ಮ ಮನಸಿಗೆ ಬಂದಂಗ ಬರೀಬೇಕೋ, ಓದವ್ರಿಗೆ ಬೇಕಾದಂಗ ಬರೀಬೇಕೋ ಹೇಳ್ರಿ.'

ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಮೂಡಲಗಿಯ ಹತ್ತಿರದ ಕುಲಗೋಡದ ತಮ್ಮಣ್ಣನು ಹತ್ತೊಂಬತ್ತನೆಯ ಶತಮಾನದಲ್ಲಿ ಶ್ರೀಕೃಷ್ಣ ಪಾರಿಜಾತವನ್ನು ಆಟವಾಗಿ ಬೆಳೆಯಿಸಿದನು. ನಾರದನು ಹೂ ತರುತ್ತಾನೆ, ಅದು ರುಕ್ಮಿಣಿಗೆ ಹೋಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ. ಈ ಕಥೆ ನಮ್ಮ ಸೀಮೆಯ ಕೂಸಿಗೂ ಗೊತ್ತು. ಆದರೂ ಜನ ಬೆಳತನಕ ಕುಳಿತು ನೋಡಿದರು. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಹಾಡಿ ನಿಂತರೆ ಹಳೆಯ ಕಥೆಯೊಳಗೆ ತಮ್ಮ ಓಣಿಯ ಹೆಣ್ಣುಮಗಳೇ ಕಂಡಳು. ಗೊತ್ತಿದ್ದ ಕಥೆ ಬಾಗಿಲು ಮಾತ್ರ. ಒಳಗಿನ ಮನೆ ಕಲಾವಿದರದು.

ಬರವಣಿಗೆಯಲ್ಲಿಯೂ ಗೋಕಾಕ ಸೀಮೆ ಎರಡು ದಾರಿ ತೋರಿಸಿದೆ. ಗೋಕಾಕದಲ್ಲಿ ಮಾಸ್ತರಿಕೆ ಮಾಡಿದ ಕೃಷ್ಣಮೂರ್ತಿ ಪುರಾಣಿಕರು ಎಲ್ಲರಿಗೂ ಪರಿಚಯದ ಸಂಸಾರವನ್ನೇ ಬರೆದರು. ಅವರ 'ಕುಲವಧು' 1963ರಲ್ಲಿ ಚಲಚ್ಚಿತ್ರವೂ ಆಯಿತು. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು 'ಜರತಾರಿ ಜಗದ್ಗುರು' ಬರೆದು ಮಠಗಳ ಒಳಗನ್ನು ಬಯಲಿಗೆಳೆದರು. ಮೆಚ್ಚಿಗೆಯನ್ನು ಮೊದಲು ತೂಗಿ ನೋಡಿದ್ದರೆ ಆ ಪುಸ್ತಕ ಹುಟ್ಟುತ್ತಲೇ ಇರಲಿಲ್ಲ. ಆದರೆ ಅವರ ಮಾತು ಚಹದಂಗಡಿಯಲ್ಲಿ ಕುಳಿತವನಿಗೂ ತಿಳಿಯುವಂಥದು. ಹೇಳುವ ಸಂಗತಿಯಲ್ಲಿ ರಾಜಿಯಿಲ್ಲ. ಹೇಳುವ ಮಾತಿನಲ್ಲಿ ಬಿಗುಮಾನವಿಲ್ಲ.

ಇನ್ನು ನಮ್ಮ ತಪ್ಪನ್ನೂ ಹೇಳಬೇಕು. ಒಮ್ಮೆ ನಾವು ಮುಷ್ಕರದ ಕಥೆಯೊಂದನ್ನು ಬರೆದು ಗಿರಣಿಯ ಚಾಳಿನಲ್ಲಿ ಓದಿದೆವು. ಕೊನೆಗೆ ಮಾಲೀಕನು ಬಾಗುತ್ತಾನೆ, ಬಾವುಟ ಏರುತ್ತದೆ. ಜನರಿಗೆ ಇದೇ ಬೇಕೆಂದು ತಿಳಿದಿದ್ದೆವು. ಚಪ್ಪಾಳೆಯೂ ಬಿತ್ತು. ಆಮೇಲೆ ಹಿರಿಯ ಕೂಲಿಕಾರರೊಬ್ಬರು ಕೇಳಿದರು: 'ಎಲ್ಲಾ ಚಲೋ ಆತ್ರಿ ಮಾಸ್ತರ್ರ. ಆದರ ಆ ಎರಡ ತಿಂಗಳ ಅವನ ಹೇಣ್ತಿ ಜ್ವಾಳ ಎಲ್ಲಿಂದ ತಂದ್ಳು?' ಬದಿಗೆ ಕುಳಿತ ಕಿರಾಣಿ ಅಂಗಡಿಯವರು, 'ನನ್ನ ಉದ್ರಿ ವಹಿ ನೋಡ್ರಿ, ಕಥಿ ಅದರಾಗ ಐತಿ' ಎಂದರು.

ನಮ್ಮ ಮುಖ ಸಣ್ಣದಾಯಿತು. ಮುಷ್ಕರ ಬೆಳೆದಂತೆ ಕೂಲಿಕಾರನ ಸಂಗಡ ಉದ್ರಿ ಕೊಟ್ಟ ಅಂಗಡಿಕಾರನೂ ಮುಳುಗುತ್ತಾನೆ. ಠೋಕ ವ್ಯಾಪಾರಿಗೆ ಅವನೂ ಬಾಕಿದಾರನೇ. ಇದನ್ನು ನಾವು ಕಣ್ಣಾರೆ ಕಂಡಿದ್ದೆವು. ಪಕ್ಷಕ್ಕೆ ಒಪ್ಪುವ ಕೊನೆ ಕಟ್ಟುವ ಅವಸರದಲ್ಲಿ ಬಿಟ್ಟುಬಿಟ್ಟಿದ್ದೆವು. ವಾಚಕರ ಅಪೇಕ್ಷೆಯೆಂದು ನಾವು ತಿಳಿದದ್ದು ನಮ್ಮದೇ ಊಹೆ. ಅವರು ಕೇಳಿದ್ದು ಸಿಹಿಯಾದ ಕೊನೆಯನ್ನಲ್ಲ, ಲೆಕ್ಕ ಹತ್ತುವ ಕಥೆಯನ್ನು. ಸ್ವಂತಿಕೆಯೆಂದರೆ ವಿಚಿತ್ರವಾದುದನ್ನು ಹೆಣೆಯುವುದೆಂದು ತಿಳಿಯಬೇಡಿರಿ. ಹತ್ತು ಜನ ಕಂಡೂ ಬರೆಯದೆ ಬಿಟ್ಟುದನ್ನು ಬರೆಯುವುದೇ ಸ್ವಂತಿಕೆ.

ಆದುದರಿಂದ ತರುಣ ಮಿತ್ರರೇ, ಬರೆಯುವಾಗ ಯಾರನ್ನೂ ಕೇಳಬೇಡಿರಿ. ಬರೆದ ಮೇಲೆ ನಾಲ್ವರ ಮುಂದೆ ಗಟ್ಟಿಯಾಗಿ ಓದಿರಿ. ತಿಳಿಯಲಿಲ್ಲವೆಂದರೆ ತಿದ್ದಿರಿ. ಸುಳ್ಳೆಂದರೆ ಹರಿದು ಮತ್ತೆ ಬರೆಯಿರಿ. ನಿಜ, ಆದರೆ ನಮಗೆ ಸೇರದು ಎಂದರೆ ಒಂದಕ್ಷರವನ್ನೂ ಅಳಿಸಬೇಡಿರಿ, ಹಾಗೆ ಅಂದವರು ನಮ್ಮ ಪಕ್ಷದವರೇ ಆಗಿದ್ದರೂ ಸರಿಯೇ.

ಆ ಮುಷ್ಕರದ ಕಥೆಯನ್ನು ನಾವು ಮತ್ತೆ ಬರೆಯುತ್ತಿದ್ದೇವೆ. ಈ ಸಲ ಅದು ಉದ್ರಿ ವಹಿಯಿಂದ ಮೊದಲಾಗುತ್ತದೆ.